ಕಡಲಿನ ಉಮ್ಮತ್ತಿನ ಬಳಿಗೆ ಅತಿಥಿಗಳಾಗಿ

ಸರ್ವಸ್ತುತಿಯು ಸಕಲ ಲೋಕಗಳ ಪಾಲಕನಾದ ಅಲ್ಲಾಹನಿಗೆ. ಅಲ್ಲಾಹನ ಸಂದೇಶವಾಹಕರ ಮೇಲೂ ಅವರ ಕುಟುಂಬದ ಮೇಲೂ ಸಹಾಬಿಗಳ ಮೇಲೂ ಶಾಂತಿ ಮತ್ತು ಅನುಗ್ರಹಗಳಿರಲಿ.

ಇಲ್ಮಿನ ಹಾದಿ ಹಿಡಿದವರ ಶ್ರೇಷ್ಠತೆಯನ್ನು ತಿಳಿಸುವ ಹದೀಸ್ ಒಂದು ಅಬೂ ದಾವೂದ್ ಮತ್ತು ತಿರ್ಮಿಝಿ ಸಂಗ್ರಹಗಳಲ್ಲಿದೆ. ಆಕಾಶಗಳಲ್ಲಿರುವವರೂ ಭೂಮಿಯಲ್ಲಿರುವವರೂ ಆಲಿಮನ ಪಾಪವಿಮೋಚನೆಗಾಗಿ ಬೇಡುತ್ತಾರೆ, ನೀರಿನೊಳಗಿನ ಮೀನುಗಳು ಕೂಡ ಅವನಿಗಾಗಿ ಪ್ರಾರ್ಥಿಸುತ್ತವೆ ಎಂಬುದು ಅದರ ಆಶಯ. ಮದರಸದಲ್ಲಿ ಕಲಿತವರೆಲ್ಲರೂ ಇದನ್ನು ಎಳವೆಯಲ್ಲೇ ಕೇಳಿರುತ್ತಾರೆ. ಧನಗೆರೆಯ ನಮ್ಮ ತರಗತಿಯಲ್ಲಿ ಈ ಪಾಠ ಬಂದ ದಿನ ಹುಡುಗನೊಬ್ಬ ಎದ್ದು ನಿಂತು, "ಹಜ್ರತ್, ನಮಗೋಸ್ಕರ ದುಆ ಮಾಡೋ ಮೀನು ಯಾವ್ದು? ಕಾವೇರೀದಾ, ಸಮುದ್ರದ್ದಾ?" ಎಂದು ಕೇಳಿದನು. ಎಲ್ಲ ನೀರಿನ ಮೀನುಗಳೂ ಎಂದು ಉತ್ತರಿಸಿದೆವು. ಅವನಿಗೆ ಸಮಾಧಾನವಾಗಲಿಲ್ಲ. ತನಗಾಗಿ ಪ್ರಾರ್ಥಿಸುವವರನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬುದು ಅವನ ಮನಸ್ಸಿನಲ್ಲಿತ್ತು.

ನಮ್ಮ ಊರಿನವರಿಗೆ ನೀರೆಂದರೆ ಕಾವೇರಿ. ಶಿವನಸಮುದ್ರದಲ್ಲಿ ಎರಡು ಕವಲಾಗಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುವ ಹೊಳೆಯನ್ನು ಕಂಡು ಬೆಳೆದ ಮಕ್ಕಳು ಇವರು. ಊರಿನ ಹೆಸರಿನಲ್ಲಿ 'ಸಮುದ್ರ' ಇದ್ದರೂ ಇವರಲ್ಲಿ ಒಬ್ಬನೂ ಸಮುದ್ರವನ್ನು ನೋಡಿರಲಿಲ್ಲ. ಪವಿತ್ರ ಕುರ್‌ಆನಿನಲ್ಲಿ ಕಡಲು, ಹಡಗು, ಅಲೆ, ಬಿರುಗಾಳಿಗಳ ಮಾತು ಮತ್ತೆ ಮತ್ತೆ ಬರುತ್ತದೆ. ಅವೆಲ್ಲವನ್ನೂ ಇವರು ಹೊಳೆಯ ಅಳತೆಯಲ್ಲೇ ಊಹಿಸಿಕೊಳ್ಳುತ್ತಿದ್ದರು. ಹೀಗಾಗಿ ಚಳಿಗಾಲದ ರಜೆಯಲ್ಲಿ ಹನ್ನೊಂದು ಮಕ್ಕಳನ್ನು ಕರೆದುಕೊಂಡು ಕಾರವಾರಕ್ಕೆ ಹೋಗಿ, ಅಲ್ಲಿನ ಕಡಲಿನಲ್ಲಿ ಸ್ವತಂತ್ರವಾಗಿ ಬದುಕುವ ಡಾಲ್ಫಿನ್‌ಗಳನ್ನು ತೋರಿಸಿ ಬರುವುದೆಂದು ನಾವು ಮತ್ತು ನಮ್ಮ ಸಹೋದ್ಯೋಗಿ ಅಧ್ಯಾಪಕರೊಬ್ಬರು ನಿಶ್ಚಯಿಸಿದೆವು.

ಜಮಾಅತಿನ ಹಿರಿಯರಲ್ಲಿ ಕೆಲವರಿಗೆ ಇದು ಸರಿಕಾಣಲಿಲ್ಲ. "ಮದರಸದ ಮಕ್ಕಳಿಗೆ ದೋಣಿ ವಿಹಾರ ಯಾತಕ್ಕೆ ಮೌಲ್ವಿ ಸಾಬ್? ಇದು ಮೋಜಲ್ಲವೇ?" ಎಂದು ಅವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಏಕೆಂದರೆ ಮಕ್ಕಳ ತಂದೆತಾಯಿಗಳಲ್ಲಿ ಹೆಚ್ಚಿನವರು ದಿನಗೂಲಿಯವರು. ಕೆಲವು ಹುಡುಗರು ರಜೆಯ ದಿನಗಳಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು ಬಂದ ಕೂಲಿಯನ್ನು ತಿಂಗಳುಗಟ್ಟಲೆ ಕೂಡಿಟ್ಟು ಈ ಪ್ರಯಾಣಕ್ಕೆ ತಂದಿದ್ದರು. ಅಂತಹ ಹಣ ವ್ಯರ್ಥವಾಗಬಾರದು. ಭೂಮಿಯಲ್ಲಿ ಸಂಚರಿಸಿ ಅಲ್ಲಾಹನು ಸೃಷ್ಟಿಯನ್ನು ಹೇಗೆ ಆರಂಭಿಸಿದನೆಂಬುದನ್ನು ನೋಡಿರೆಂದು ಸೂರಾ ಅಲ್-ಅನ್ಕಬೂತ್‌ನ 20ನೇ ವಚನವು ಆದೇಶಿಸುತ್ತದೆ. ಆ ಆದೇಶದಲ್ಲಿ ಸಂಚಾರವೂ ಇದೆ, ನೋಟವೂ ಇದೆ. ನೋಡಿ ಬಂದವನಲ್ಲಿ ಸೃಷ್ಟಿಕರ್ತನ ನೆನಪು ಹೆಚ್ಚಿದರೆ ಅದು ಪಾಠವಾಗುತ್ತದೆ, ಹೆಚ್ಚದಿದ್ದರೆ ಮೋಜಾಗಿಯೇ ಉಳಿಯುತ್ತದೆ. ಹಿರಿಯರಿಗೆ ನಾವು ಇಷ್ಟನ್ನೇ ಹೇಳಿದೆವು. ಅವರು ಮನಸ್ಸಿಟ್ಟು ದುಆ ಮಾಡಿ ಕಳುಹಿಸಿಕೊಟ್ಟರು.

ಕೊಳ್ಳೇಗಾಲ, ಮೈಸೂರು, ಹಾಸನ, ಶಿವಮೊಗ್ಗ, ಸಾಗರಗಳನ್ನು ದಾಟಿ ಹೊನ್ನಾವರದಲ್ಲಿ ಘಟ್ಟವಿಳಿದು, ಅಲ್ಲಿಂದ ಕಡಲಿನ ಅಂಚಿನಲ್ಲೇ ಕುಮಟಾ, ಅಂಕೋಲೆಗಳ ಮೂಲಕ ಕಾರವಾರಕ್ಕೆ 500 ಕಿಲೋಮೀಟರಿಗೂ ಹೆಚ್ಚಿನ ದಾರಿ. ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿ ನದಿಯು ಸುಮಾರು 184 ಕಿಲೋಮೀಟರ್ ಹರಿದು ಇಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಒಂದು ದಡದಲ್ಲಿ ಕಾರವಾರ, ಇನ್ನೊಂದು ದಡದಲ್ಲಿ ಸದಾಶಿವಗಡದ ಗುಡ್ಡ. ಎದುರಿಗೆ ಕೂರ್ಮಗಡ, ದೇವಗಡ ಮುಂತಾದ ನಡುಗಡ್ಡೆಗಳು. ಸಿಹಿನೀರು ಮತ್ತು ಉಪ್ಪುನೀರಿನ ನಡುವೆ ಅಲ್ಲಾಹನು ಇಟ್ಟಿರುವ ತಡೆಯ ಕುರಿತು ಸೂರಾ ಅಲ್-ಫುರ್ಕಾನ್‌ನಲ್ಲಿ ಓದಿದ್ದ ಮಕ್ಕಳು, ಹೊಳೆಯ ಮಾಸಲು ಬಣ್ಣವೂ ಕಡಲಿನ ಹಸಿರು ಬಣ್ಣವೂ ಅಕ್ಕಪಕ್ಕದಲ್ಲಿರುವುದನ್ನು ಕಂಡು ತಾವಾಗಿಯೇ "ಸುಬ್ಹಾನಲ್ಲಾಹ್" ಎಂದರು.

ಇಂತಹ ಅಳಿವೆಗಳೇ ನಾವು ನೋಡಹೊರಟ ಡಾಲ್ಫಿನ್‌ಗಳ ನೆಲೆ. ಕರಾವಳಿ ಕರ್ನಾಟಕದಲ್ಲಿ ದಡದ ಸಮೀಪ ಕಾಣಸಿಗುವುದು ಹೆಚ್ಚಾಗಿ ಬೆನ್ನಿನ ಮೇಲೆ ಗೂನುಳ್ಳ, ಬೂದು ಮೈಬಣ್ಣದ ಜಾತಿ. ವಿಜ್ಞಾನಿಗಳು ಇದನ್ನು ಸೂಸಾ ಪ್ಲಂಬಿಯಾ ಎನ್ನುತ್ತಾರೆ. ಬೆಳೆದ ಪ್ರಾಣಿ ಎರಡೂವರೆ ಮೀಟರಿನಷ್ಟು ಉದ್ದವಿರುತ್ತದೆ. ಇದು ನಡುಗಡಲಿಗೆ ಹೋಗುವುದು ಅಪರೂಪ. ದಡಕ್ಕೆ ಹತ್ತಿರದ ಆಳವಿಲ್ಲದ ನೀರಿನಲ್ಲಿ, ಅಳಿವೆಗಳ ಬಾಯಲ್ಲಿ ಮೀನು ಹುಡುಕುತ್ತ ಬದುಕುತ್ತದೆ. ಅದರ ಕಷ್ಟಕ್ಕೂ ಇದೇ ಕಾರಣ. ಬಂದರು, ಬಲೆ, ಯಂತ್ರದ ದೋಣಿ, ಪಟ್ಟಣದ ಕೊಳಚೆ ಎಲ್ಲವೂ ಸೇರುವುದು ಈ ಕಿರಿದಾದ ನೀರಿನ ಪಟ್ಟಿಯಲ್ಲಿಯೇ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಈ ಜಾತಿಯು ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಸಾಲಿನಲ್ಲಿದೆ. ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ, ಅಂದರೆ ಹುಲಿ ಮತ್ತು ಆನೆಗಳಿಗಿರುವ ರಕ್ಷಣೆಯ ಸಾಲಿನಲ್ಲಿ, ಇದಕ್ಕೂ ಸ್ಥಾನವಿದೆ.

ಫಜ್ರ್ ನಮಾಝನ್ನು ಪಟ್ಟಣದ ಮಸೀದಿಯೊಂದರಲ್ಲಿ ನಿರ್ವಹಿಸಿ, ಬಿಸಿಲೇರುವ ಮುನ್ನ ದಡಕ್ಕೆ ಬಂದೆವು. ಸುಮಾರು ಐವತ್ತೈದು ವಯಸ್ಸಿನ ದೋಣಿಯ ಯಜಮಾನರೊಬ್ಬರು ಮುಂದೆ ಬಂದರು. ಮೀನುಗಾರರ ಮನೆತನ. ಮಳೆಗಾಲದ ಜೂನ್, ಜುಲೈ ತಿಂಗಳುಗಳಲ್ಲಿ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧ. ಉಳಿದ ಕಾಲದಲ್ಲೂ ಬಲೆಗೆ ಮೀನು ಕಡಿಮೆ. ಆದುದರಿಂದ ಪ್ರವಾಸಿಗರ ಕಾಲದಲ್ಲಿ ಈ ಕೆಲಸ ಎಂದು ಹೇಳಿಕೊಂಡರು. ತಲೆಗೆ ಇಷ್ಟೆಂದು ದರ ಹೇಳಿ, "ಸಾಹೇಬ್ರೇ, ಡಾಲ್ಫಿನ್ ಕಾಣ್ಲಿಲ್ಲ ಅಂದ್ರೆ ಅರ್ಧ ದುಡ್ಡು ವಾಪಸ್" ಎಂದು ಸೇರಿಸಿದರು. ಮಕ್ಕಳಿಗೆ ಆ ಮಾತು ಬಹಳ ಹಿಡಿಸಿತು. ಅದರ ಅರ್ಥ ನೀರಿನ ನಡುವೆ ಮಾತ್ರ ನಮಗೆ ತಿಳಿಯುವುದಿತ್ತು.

ಎಲ್ಲರೂ ತೇಲುವ ಅಂಗಿ ತೊಟ್ಟು ದೋಣಿ ಹತ್ತಿದೆವು. ನೂಹ್ (ಅ) ತಮ್ಮ ನಾವೆಯನ್ನೇರುವಾಗ ಕಲಿಸಿಕೊಟ್ಟ, ಸೂರಾ ಹೂದ್‌ನಲ್ಲಿರುವ ಪ್ರಾರ್ಥನೆಯನ್ನು ಮಕ್ಕಳು ಒಕ್ಕೊರಲಿನಿಂದ ಹೇಳಿದರು. ಭರಚುಕ್ಕಿಯಲ್ಲಿ ತೆಪ್ಪ ಹತ್ತಿದ ಅನುಭವವಿದ್ದ ಹುಡುಗರು ತಾವು ಅಂಜುವವರಲ್ಲವೆಂದು ಕೊಚ್ಚಿಕೊಳ್ಳುತ್ತಿದ್ದರು. ಅಳಿವೆಯ ಬಾಯಿ ದಾಟಿ ಮೊದಲ ದೊಡ್ಡ ಅಲೆ ದೋಣಿಯನ್ನೆತ್ತಿ ಇಳಿಸಿದಾಗ ಅವರೆಲ್ಲ ಪಕ್ಕದವನ ತೋಳನ್ನು ಬಿಗಿಯಾಗಿ ಹಿಡಿದಿದ್ದರು.

ಕೂರ್ಮಗಡದ ದಿಕ್ಕಿನಲ್ಲಿ ಸ್ವಲ್ಪ ದೂರ ಹೋಗುತ್ತಲೇ ಬೇರೆ ಮೂರು ದೋಣಿಗಳು ಕಂಡವು. ಅವು ಮೂರೂ ಒಂದೇ ಕಡೆ ಬಿರುಸಾಗಿ ಸಾಗುತ್ತಿದ್ದವು. ಅವುಗಳ ಮುಂದೆ, ನೀರಿನ ಮೇಲೆ ಬೂದು ಬೆನ್ನೊಂದು ಮೇಲೆದ್ದು ಮುಳುಗಿತು. ಅದರ ಬದಿಗೆ ಒತ್ತಿಕೊಂಡಂತೆ ಇನ್ನೊಂದು ಚಿಕ್ಕ ಬೆನ್ನು. ಮುಳುಗಿದ ಕಡೆ ಮತ್ತೆ ಏಳುವಷ್ಟರಲ್ಲಿ ದೋಣಿಗಳು ಅಲ್ಲಿಗೆ ತಿರುಗುತ್ತಿದ್ದವು. ಒಂದು ದೋಣಿ ಎದುರಿನಿಂದ ಬಂದರೆ ಇನ್ನೊಂದು ಬದಿಯಿಂದ ಬರುತ್ತಿತ್ತು. ಜನ ಕೇಕೆ ಹಾಕುತ್ತ, ಮೊಬೈಲ್ ಎತ್ತಿ ಹಿಡಿದು ನಿಂತಿದ್ದರು. ನಮ್ಮ ಯಜಮಾನರೂ ಯಂತ್ರದ ವೇಗ ಹೆಚ್ಚಿಸಲು ಕೈಹಾಕಿದರು. "ತಾಯಿ-ಮರಿ ಅದೆ ಸಾಹೇಬ್ರೇ, ಮರಿ ಇದ್ರೆ ಜೋರಾಗಿ ಓಡೂದಿಲ್ಲ, ಹತ್ರ ಸಿಗ್ತದೆ" ಎಂದರು.

ಆ ಮಾತು ಕಿವಿಗೆ ಬಿದ್ದ ಕೂಡಲೇ ಅಬೂ ದಾವೂದ್ ಸಂಗ್ರಹದ ಮತ್ತೊಂದು ಹದೀಸ್ ನಮ್ಮ ಕಣ್ಣೆದುರು ನಿಂತಿತು. ಅಬ್ದುಲ್ಲಾ ಇಬ್ನು ಮಸ್ಊದ್ (ರ) ಹೇಳುತ್ತಾರೆ. ಪ್ರಯಾಣವೊಂದರಲ್ಲಿ ಪ್ರವಾದಿ (ಸ) ಸ್ವಲ್ಪ ಹೊತ್ತು ಆಚೆ ಹೋಗಿದ್ದಾಗ ಸಹಾಬಿಗಳು ಪುಟ್ಟ ಹಕ್ಕಿಯೊಂದರ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿ ಹಕ್ಕಿ ರೆಕ್ಕೆ ಹರಡಿ ಅವರ ಸುತ್ತ ಚಡಪಡಿಸತೊಡಗಿತು. ಹಿಂದಿರುಗಿದ ಪ್ರವಾದಿ (ಸ) ಅದನ್ನು ಕಂಡು, ಮರಿಗಳ ವಿಷಯದಲ್ಲಿ ಈ ತಾಯಿಯನ್ನು ನೋಯಿಸಿದವರು ಯಾರೆಂದು ವಿಚಾರಿಸಿ, ಮರಿಗಳನ್ನು ಹಿಂದಿರುಗಿಸಲು ಆಜ್ಞಾಪಿಸಿದರು. ಆ ಸಹಾಬಿಗಳು ಮರಿಗಳನ್ನು ಕೊಂದವರಲ್ಲ. ಎತ್ತಿ ನೋಡಿದವರಷ್ಟೇ. ಆದರೂ ತಾಯಿಯ ಚಡಪಡಿಕೆಯನ್ನು ಪ್ರವಾದಿಯವರು (ಸ) ಕಂಡರು, ಅದಕ್ಕೆ ಉತ್ತರವನ್ನು ಕೇಳಿದರು.

ಕಡಲಿನಲ್ಲಿ ಆ ಚಡಪಡಿಕೆ ಹೇಗಿರುತ್ತದೆಂಬುದನ್ನು ತಿಳಿಯಲು ಡಾಲ್ಫಿನ್ನಿನ ಬದುಕನ್ನು ಸ್ವಲ್ಪ ಅರಿಯಬೇಕು. ಅದು ಮೀನಲ್ಲ. ನಮ್ಮಂತೆಯೇ ಶ್ವಾಸಕೋಶದಿಂದ ಉಸಿರಾಡಿ, ಮರಿಹಾಕಿ, ಹಾಲುಣಿಸುವ ಜೀವಿ. ಉಸಿರಿನ ರಂಧ್ರ ನೆತ್ತಿಯ ಮೇಲಿದೆ. ನಮ್ಮ ಉಸಿರು ನಿದ್ದೆಯಲ್ಲೂ ತಾನಾಗಿ ನಡೆಯುತ್ತದೆ. ಡಾಲ್ಫಿನ್ನಿಗೆ ಪ್ರತಿ ಉಸಿರೂ ಎಚ್ಚರದಲ್ಲಿ ಎದ್ದುಬಂದು ತೆಗೆದುಕೊಳ್ಳಬೇಕಾದ ಉಸಿರು. ಆದ್ದರಿಂದಲೇ ಸೃಷ್ಟಿಕರ್ತನು ಅದರ ಮಿದುಳಿನ ಒಂದು ಅರ್ಧ ನಿದ್ರಿಸುವಾಗ ಇನ್ನೊಂದು ಅರ್ಧ ಎಚ್ಚರವಾಗಿರುವಂತೆ ಏರ್ಪಡಿಸಿದ್ದಾನೆ. ಮರಿಯು ತಾಯಿಯ ಪಕ್ಕೆಗೆ ಅಂಟಿಕೊಂಡು, ತಾಯಿ ನೀರನ್ನು ಸೀಳಿದ ಜಾಡಿನಲ್ಲಿ ಹಗುರವಾಗಿ ಈಜುತ್ತದೆ. ಬೆದರಿಸಿ ಓಡಿಸಿದರೆ ಮರಿಗೆ ಆ ಆಸರೆ ತಪ್ಪುತ್ತದೆ, ಹಾಲು ತಪ್ಪುತ್ತದೆ, ವಿಶ್ರಾಂತಿ ತಪ್ಪುತ್ತದೆ. ಇನ್ನು ಯಂತ್ರದ ಸದ್ದು. ನೀರಿನಲ್ಲಿ ಶಬ್ದವು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ, ಸೆಕೆಂಡಿಗೆ ಸುಮಾರು 1500 ಮೀಟರ್ ಸಾಗುತ್ತದೆ. ಕಲಕಿದ ಅಳಿವೆಯ ನೀರಿನಲ್ಲಿ ಡಾಲ್ಫಿನ್ ತಾನು ಹೊರಡಿಸಿದ ಸದ್ದಿನ ಮರುದನಿಯಿಂದಲೇ ಮೀನನ್ನೂ ದಾರಿಯನ್ನೂ ಗುರುತಿಸುತ್ತದೆ. ಮೂರು ನಾಲ್ಕು ಯಂತ್ರಗಳು ಅದರ ಸುತ್ತ ಗುಡುಗುವುದೆಂದರೆ, ದಾರಿ ನಡೆಯುತ್ತಿರುವವನ ಕಣ್ಣಿಗೆ ಬಟ್ಟೆ ಕಟ್ಟಿ ಹಿಂದಿನಿಂದ ಅಟ್ಟಿದಂತೆ.

"ಅಣ್ಣಾ, ಬೆನ್ನಟ್ಟಬೇಡಿ" ಎಂದು ಯಜಮಾನರನ್ನು ಕೇಳಿಕೊಂಡೆವು. ಅವರು ನಮ್ಮನ್ನು ಅಚ್ಚರಿಯಿಂದ ನೋಡಿ, "ಹತ್ರ ಹೋಗ್ದೆ ಹುಡುಗ್ರಿಗೆ ಏನು ಕಾಣ್ತದೆ ಸಾಹೇಬ್ರೇ? ಆಮೇಲೆ ದುಡ್ಡು ವಾಪಸ್ ಕೇಳ್ತೀರಿ" ಎಂದರು. ಅರ್ಧ ಹಣದ ಆ ಮಾತಿನ ಅರ್ಥ ಆಗ ನಮಗೆ ಪೂರ್ತಿಯಾಗಿ ತಿಳಿಯಿತು. ಪ್ರವಾಸಿಗನು ಕಂಡೇ ತೀರಬೇಕೆನ್ನುತ್ತಾನೆ, ಕಾಣದಿದ್ದರೆ ಹಣ ಕೊಡುವುದಿಲ್ಲ. ಹೀಗಾದಾಗ ಕಡಲಿನ ಸ್ವತಂತ್ರ ಜೀವಿಯೊಂದು ಬಡವನ ದಿನದ ಅನ್ನಕ್ಕೆ ಹೊಣೆಯಾಗುತ್ತದೆ. ಅದು ಸಿಗದಿದ್ದರೆ ಇವರ ಒಲೆ ಉರಿಯುವುದಿಲ್ಲ. ಬೆನ್ನಟ್ಟುವ ಕೈ ದೋಣಿಯವನದು, ಅದನ್ನು ಬೆನ್ನಟ್ಟಿಸುವುದು ದೋಣಿಯಲ್ಲಿ ಕುಳಿತವನ ಹಠ.

ಆದರೆ ನಮ್ಮ ಮುಂದೆ ಇನ್ನೊಂದು ಹೊಣೆಯೂ ಇತ್ತು. ಸೊಪ್ಪು ಕೊಯ್ದು ಕೂಡಿಟ್ಟ ಹಣದಲ್ಲಿ 500 ಕಿಲೋಮೀಟರ್ ದಾಟಿ ಬಂದ ಮಕ್ಕಳು ನಮ್ಮ ಮುಖವನ್ನೇ ನೋಡುತ್ತಿದ್ದರು. ಇವರಲ್ಲಿ ಎಷ್ಟು ಜನರಿಗೆ ಬದುಕಿನಲ್ಲಿ ಇನ್ನೊಮ್ಮೆ ಕಡಲಿಗೆ ಬರುವ ಅವಕಾಶ ಸಿಗುವುದೋ ಅಲ್ಲಾಹನೇ ಬಲ್ಲ. ಅವರ ಪರವಾಗಿ ಅವರ ಆಸೆಯನ್ನು ತ್ಯಾಗಮಾಡುವುದು ನಮಗೆ ಸುಲಭ. ಆ ಸುಲಭದ ಕೆಲಸವನ್ನು ಮಾಡಲು ಮನಸ್ಸೊಪ್ಪಲಿಲ್ಲ. ಹಕ್ಕಿಮರಿಗಳ ಹದೀಸನ್ನು ಮಕ್ಕಳಿಗೆ ಹೇಳಿ, ತಾಯಿ-ಮರಿಯ ಕಥೆಯನ್ನು ವಿವರಿಸಿ, "ದೋಣಿ ನಿಲ್ಲಿಸಿದರೆ ಅವು ಹೊರಟುಹೋಗಬಹುದು. ಏನೂ ಕಾಣದೆ ಊರಿಗೆ ಮರಳಬೇಕಾದೀತು. ಹಣ ನಿಮ್ಮದು, ನೀವೇ ಹೇಳಿ" ಎಂದೆವು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ದೊಡ್ಡ ಹುಡುಗನೊಬ್ಬ, ಅಷ್ಟು ದೂರದಿಂದ ಬಂದಿದ್ದೇವಲ್ಲ ಹಜ್ರತ್, ಒಂದೇ ಒಂದು ಸಲ ಹತ್ತಿರ ಹೋಗೋಣ ಎಂದನು. ಅವನ ದನಿಯಲ್ಲಿ ಹಠವಿರಲಿಲ್ಲ, ಆಸೆಯಿತ್ತು. ಆಗ ತರಗತಿಯಲ್ಲಿ ಮೀನಿನ ಪ್ರಶ್ನೆ ಕೇಳಿದ್ದ ಹುಡುಗ, "ನಮಗೆ ಕಾಣದಿದ್ರೂ ಅವು ಅಲ್ಲಿ ಇರ್ತಾವಲ್ವಾ ಹಜ್ರತ್? ದುಆ ಮಾಡೋದೂ ಮಾಡ್ತಿರ್ತಾವೆ" ಎಂದನು. ದೊಡ್ಡ ಹುಡುಗ ತುಸು ಯೋಚಿಸಿ, "ಹಂಗಾದ್ರೆ ನಿಲ್ಸಿ" ಎಂದನು. ಉಳಿದವರೂ ತಲೆಯಾಡಿಸಿದರು. "ಕಂಡರೂ ಕಾಣದಿದ್ದರೂ ನಿಮ್ಮ ಪೂರ್ತಿ ಹಣ ನಿಮಗೇ ಸೇರಬೇಕು ಅಣ್ಣಾ" ಎಂದು ಯಜಮಾನರಿಗೆ ಅಲ್ಲಿಯೇ ಹಣವನ್ನು ಕೊಟ್ಟುಬಿಟ್ಟೆವು. ಅವರು ಎಣಿಸದೆ ಜೇಬಿಗಿಟ್ಟುಕೊಂಡು, ದೋಣಿಯನ್ನು ಬೇರೆ ದಿಕ್ಕಿಗೆ ತಿರುಗಿಸಿ, ಆ ಮೂರು ದೋಣಿಗಳಿಂದ ಬಹುದೂರ ಒಯ್ದು ಯಂತ್ರವನ್ನು ಆರಿಸಿದರು.

ಯಂತ್ರ ನಿಂತ ಮೇಲೆ ಕಡಲು ಎಷ್ಟು ನಿಶ್ಶಬ್ದವೆಂಬುದು ತಿಳಿಯಿತು. ದೋಣಿಯ ಹೊಟ್ಟೆಗೆ ನೀರು ತಟ್ಟುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮಕ್ಕಳಿಗೆ ತಸ್ಬೀಹ್ ಹೇಳುತ್ತಿರಲು ತಿಳಿಸಿದೆವು. ಏಳು ಆಕಾಶಗಳೂ ಭೂಮಿಯೂ ಅವುಗಳಲ್ಲಿರುವುದೆಲ್ಲವೂ ಅಲ್ಲಾಹನ ಪಾವಿತ್ರ್ಯವನ್ನು ಕೊಂಡಾಡುತ್ತವೆ, ಆದರೆ ಅವುಗಳ ತಸ್ಬೀಹ್ ಮನುಷ್ಯರಿಗೆ ಅರ್ಥವಾಗದು ಎಂಬ ಸೂರಾ ಅಲ್-ಇಸ್ರಾದ 44ನೇ ವಚನದ ಆಶಯವನ್ನು ನೆನಪಿಸಿದೆವು. ಹತ್ತು ನಿಮಿಷ ಕಳೆಯಿತು. ಇಪ್ಪತ್ತು ನಿಮಿಷ ಕಳೆಯಿತು. ಇಬ್ಬರು ಹುಡುಗರಿಗೆ ಹೊಟ್ಟೆ ತೊಳಸತೊಡಗಿತು. ಬಿಸಿಲು ಏರಿತು. ಏನೂ ಕಾಣಲಿಲ್ಲ.

ಹಿಂದಿರುಗುವ ಮಾತನ್ನು ನಾವೇ ಎತ್ತಬೇಕೆನ್ನುವಷ್ಟರಲ್ಲಿ ದೋಣಿಯ ಎಡಗಡೆ, ಉದ್ದನೆಯ ಉಸಿರನ್ನು ಒಮ್ಮೆಗೇ ಬಿಟ್ಟಂತೆ 'ಫೂ' ಎಂಬ ಸದ್ದಾಯಿತು. ಎಲ್ಲರೂ ತಿರುಗಿದೆವು. ಮೂವತ್ತು ನಲವತ್ತು ಮಾರು ದೂರದಲ್ಲಿ ಬೂದು ಬೆನ್ನು, ಬೆನ್ನಿನ ಮೇಲೆ ಗೂನು, ಗೂನಿನ ಮೇಲೆ ಚಿಕ್ಕ ರೆಕ್ಕೆ. ಮೆಲ್ಲನೆ ಬಾಗಿ ಒಳಗಿಳಿಯಿತು. ಹಿಂದೆ ಇನ್ನೊಂದು. ಆಮೇಲೆ ಎರಡು ಒಟ್ಟಿಗೆ. ಅವಸರವಿಲ್ಲ, ಹಾರಾಟವಿಲ್ಲ, ಚಿತ್ರಪಟಗಳಲ್ಲಿರುವಂತೆ ಗಾಳಿಯಲ್ಲಿ ಬಿಲ್ಲಿನಂತೆ ಬಾಗುವ ಆಟವೂ ಇಲ್ಲ. ತಮ್ಮ ಮನೆಯ ಅಂಗಳದಲ್ಲಿ ತಮ್ಮ ಕೆಲಸಕ್ಕೆ ಹೊರಟವರಂತೆ ಅವು ನಮ್ಮ ಪಕ್ಕದಿಂದ ಹಾದು ಅಳಿವೆಯ ಕಡೆಗೆ ಹೋದವು. ಎಲ್ಲ ಸೇರಿ ಎರಡು ಮೂರು ನಿಮಿಷಗಳ ದರ್ಶನ. ಮಕ್ಕಳಲ್ಲಿ ಯಾರೂ ಕೇಕೆ ಹಾಕಲಿಲ್ಲ. ಬಲಗಡೆ ದೋಣಿಯ ಅಂಚಿಗೆ ತಲೆಯಿಟ್ಟು ವಾಂತಿಮಾಡುತ್ತಿದ್ದ ಒಬ್ಬ ಹುಡುಗನಿಗೆ ಮಾತ್ರ ಏನೂ ಕಾಣಲಿಲ್ಲ. ಪಕ್ಕದವರು ಅವನಿಗಾಗಿ ಮರುಗಿದಾಗ ಅವನು, "ಪರ್ವಾಗಿಲ್ಲ, ಅದು ಉಸಿರು ಬಿಟ್ಟಿದ್ದು ನಂಗೂ ಕೇಳಿಸ್ತು" ಎಂದನು.

ಮರಳುವಾಗ ಮಕ್ಕಳ ಪ್ರಶ್ನೆಗಳು ಸಾಲುಗಟ್ಟಿದವು. ಇದನ್ನು ತಿನ್ನಬಹುದೇ ಎಂದು ಒಬ್ಬನು ಕೇಳಿದನು. ನಾವು ಅನುಸರಿಸುವ ಹನಫಿ ಮದ್‌ಹಬಿನಲ್ಲಿ ಕಡಲಿನ ಜೀವಿಗಳ ಪೈಕಿ ಮೀನಿಗೆ ಮಾತ್ರ ಅನುಮತಿಯಿದೆ, ಶಾಫಿಈ ಮದ್‌ಹಬಿನಲ್ಲಿ ವ್ಯಾಪ್ತಿ ಹಿರಿದು. ಆದರೆ ರಕ್ಷಿತ ಜೀವಿಯನ್ನು ಕೊಲ್ಲುವುದನ್ನು ನಾಡಿನ ಕಾನೂನು ನಿಷೇಧಿಸಿರುವುದರಿಂದ ಆ ಚರ್ಚೆಗೆ ಇಲ್ಲಿ ಎಡೆಯೇ ಇಲ್ಲ ಎಂದೆವು. ಯೂನುಸ್ (ಅ) ಅವರನ್ನು ನುಂಗಿದ್ದು ಇದೇನಾ ಎಂದು ಇನ್ನೊಬ್ಬನು ಕೇಳಿದನು. ಇಷ್ಟು ಗಾತ್ರದ ಪ್ರಾಣಿಗೆ ಮನುಷ್ಯನನ್ನು ನುಂಗಲಾಗದೆಂದು ಎಲ್ಲರೂ ನಕ್ಕರು. ಆದರೆ ಆ ಪ್ರಶ್ನೆಯಲ್ಲಿ ಒಂದು ತಿರುಳಿತ್ತು. ಸಂಕಟ ಬಂದಾಗ ನಮ್ಮ ಮನೆಗಳಲ್ಲಿ ಕುಟುಂಬದವರೆಲ್ಲ ಕುಳಿತು ಆಯತೆ ಕರೀಮಾ ಓದುತ್ತೇವೆ. ಅದು ಯೂನುಸ್ (ಅ) ಕಡಲಿನ ಜೀವಿಯೊಂದರ ಹೊಟ್ಟೆಯ ಕತ್ತಲಿನಲ್ಲಿ ಮಾಡಿದ ಪ್ರಾರ್ಥನೆ. ಅಲ್ಲಾಹನ ಆಜ್ಞೆಯಂತೆ ಪ್ರವಾದಿಯೊಬ್ಬರಿಗೆ ಹಾನಿಮಾಡದೆ ದಡ ಸೇರಿಸಿದ ಜೀವಿ ಅದು. ಅದರ ಕುಲದವರ ನಡುವೆ ನಾವು ಹೋಗುವಾಗ ಅವಕ್ಕೆ ಹಾನಿಮಾಡದೆ ಬರುವ ಮರ್ಯಾದೆಯಾದರೂ ನಮ್ಮಲ್ಲಿರಬೇಡವೇ? ಡಾಲ್ಫಿನ್ ಮೀನಲ್ಲ ಅಂದಿರಲ್ಲ, ಹಾಗಾದರೆ ಅದು ನಮಗಾಗಿ ದುಆ ಮಾಡುವುದಿಲ್ಲವೇ ಎಂಬುದು ಕೊನೆಯ ಪ್ರಶ್ನೆ. ಭೂಮಿಯಲ್ಲಿರುವವರೆಲ್ಲರೂ ಎಂದು ಹದೀಸಿನಲ್ಲಿದೆಯಲ್ಲವೇ ಎಂದೆವು. ಹುಡುಗನ ಮುಖ ಅರಳಿತು.

ಭೂಮಿಯಲ್ಲಿ ಚಲಿಸುವ ಪ್ರಾಣಿಗಳೂ ರೆಕ್ಕೆಗಳಿಂದ ಹಾರುವ ಹಕ್ಕಿಗಳೂ ನಿಮ್ಮಂತೆಯೇ ಉಮ್ಮತ್‌ಗಳು ಎಂದು ಸೂರಾ ಅಲ್-ಅನ್‌ಆಮ್‌ನ 38ನೇ ವಚನವು ಸಾರುತ್ತದೆ. ಉಮ್ಮತ್ ಎಂದರೆ ತನ್ನದೇ ಬಾಳ್ವೆ, ತನ್ನದೇ ನೆಲೆ, ತನ್ನದೇ ಹಕ್ಕುಗಳುಳ್ಳ ಸಮುದಾಯ. ಇನ್ನೊಬ್ಬರ ಮನೆಗೆ ಹೋದಾಗ ಅನುಮತಿ ಕೇಳಬೇಕು, ಬಾಗಿಲ ಸಂದಿನಿಂದ ಇಣುಕಬಾರದು, ಅನುಮತಿ ಸಿಗದಿದ್ದರೆ ಬೇಸರಿಸದೆ ಮರಳಬೇಕು. ಇವು ಇಸ್ಲಾಮ್ ಅತಿಥಿಗೆ ಕಲಿಸಿದ ಅದಬುಗಳು. ಕಡಲಿನ ಉಮ್ಮತ್ತಿನ ಬಳಿಗೆ ಹೋಗುವವನಿಗೂ ಇವೇ ಅದಬುಗಳು ಸಾಕು. ಆಸ್ಟ್ರೇಲಿಯದಂತಹ ದೇಶಗಳು ಇದನ್ನೇ ಅಳತೆಯಲ್ಲಿ ಬರೆದಿಟ್ಟಿವೆ: ದೋಣಿಯು ಡಾಲ್ಫಿನ್ನಿಗೆ 50 ಮೀಟರಿಗಿಂತ ಹತ್ತಿರ ಹೋಗಬಾರದು, ಮರಿಯಿದ್ದರೆ 150 ಮೀಟರ್ ದೂರವಿರಬೇಕು. ನಮ್ಮ ದೇಶವೂ 2013ರಲ್ಲಿ ಡಾಲ್ಫಿನ್‌ಗಳನ್ನು ಕೊಳಗಳಲ್ಲಿ ಕೂಡಿಹಾಕಿ ಆಟವಾಡಿಸುವ ಪ್ರದರ್ಶನಗಳಿಗೆ ಅನುಮತಿಯನ್ನು ನಿರಾಕರಿಸಿತು. ಅದು ಮೆಚ್ಚತಕ್ಕ ನಿರ್ಧಾರ. ಕೊಳದಲ್ಲಿ ಕೂಡಿಹಾಕುವುದು ತಪ್ಪೆಂದು ಒಪ್ಪಿದವರು, ತೆರೆದ ಕಡಲಿನಲ್ಲಿ ದೋಣಿಗಳ ಬೇಲಿ ಕಟ್ಟುವುದನ್ನು ಒಪ್ಪುವುದು ಹೇಗೆ?

ಇಲ್ಲಿ ದೋಣಿಯವರ ಮೇಲೆ ಬೆರಳು ತೋರುವುದು ನ್ಯಾಯವಲ್ಲ. ಸೂರಾ ಅಲ್-ಕಹ್ಫ್‌ನಲ್ಲಿ ಮೂಸಾ (ಅ) ಮತ್ತು ಖಿಳ್ರ್ (ಅ) ಏರಿದ ದೋಣಿಯು ಕಡಲಿನಲ್ಲಿ ದುಡಿಯುವ ಬಡವರದಾಗಿತ್ತು ಎಂದು ಅಲ್ಲಾಹನು ವಿಶೇಷವಾಗಿ ತಿಳಿಸಿದ್ದಾನೆ. ಅವರ ಜೀವನೋಪಾಯ ಉಳಿಯಬೇಕೆಂಬುದೇ ಆ ಪ್ರಸಂಗದ ರಹಸ್ಯವಾಗಿತ್ತು. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದಾಗ ಅದರ ಚಾಲಕನ ರಕ್ಷಣೆಗೆ ಕತ್ತಲಲ್ಲಿ ನೆರವಾದವರಲ್ಲಿ ಅಲ್ಲಿನ ಮೀನುಗಾರರಿದ್ದರು. ಜೀವದ ಬೆಲೆ ಅರಿಯದ ಜನ ಅವರಲ್ಲ. ದಡ ಸೇರಿದಾಗ ನಮ್ಮ ಯಜಮಾನರು, "ನಿಮ್ ಥರ ಎಲ್ರೂ ಮೊದಲೇ ಹೇಳಿದ್ರೆ ನಮಗೂ ಡೀಸೆಲ್ ಉಳೀತದೆ ಸಾಹೇಬ್ರೇ. ಅವೂ ಇಲ್ಲೇ ಉಳೀತಾವೆ" ಎಂದರು. ಅವು ಈ ಅಳಿವೆಯನ್ನು ಬಿಟ್ಟುಹೋದರೆ ನಾಳೆ ತಮ್ಮ ಮಕ್ಕಳಿಗೆ ಈ ದುಡಿಮೆ ಇರದೆಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿದೆ. ಆದುದರಿಂದ ಕಡಲಿಗೆ ಹೋಗುವ ಸಹೋದರ ಸಹೋದರಿಯರಲ್ಲಿ ನಮ್ಮ ವಿನಂತಿಯಿಷ್ಟೇ: ದೋಣಿ ಹತ್ತುವ ಮೊದಲೇ, ಕಂಡರೂ ಕಾಣದಿದ್ದರೂ ಪೂರ್ತಿ ಹಣ ಕೊಡುತ್ತೇವೆ, ಬೆನ್ನಟ್ಟಬೇಡಿ ಎಂದು ಹೇಳಿರಿ. ದುಡಿದವನ ರಿಝ್ಕ್ ಅವನಿಗೆ ಸೇರುತ್ತದೆ, ಮರಿಯ ಹಾಲು ಮರಿಗೆ ಸೇರುತ್ತದೆ.

ಕಡಲಿಗೆ ಹೋಗಲಾಗದವರಿಗೂ ಇದರಲ್ಲಿ ಪಾಠವಿದೆ. ನಮ್ಮ ಕಾವೇರಿಯಲ್ಲಿ ಡಾಲ್ಫಿನ್ ಇಲ್ಲ, ಆದರೆ ನೀರುನಾಯಿಗಳಿವೆ. ಅವೂ ಮರಿಗಳನ್ನು ಕಟ್ಟಿಕೊಂಡು ಬಂಡೆಗಳ ನಡುವೆ ಸಂಸಾರ ನಡೆಸುವ ಉಮ್ಮತ್ತೇ. ಹೊಳೆಗೆ ಸಿಡಿಮದ್ದು ಎಸೆದು ಮೀನು ಹಿಡಿಯುವವರು ಒಂದು ಬುಟ್ಟಿ ಮೀನಿಗಾಗಿ ಮೊಟ್ಟೆ, ಮರಿ, ಕಪ್ಪೆ, ನೀರುನಾಯಿಗಳೆಲ್ಲದರ ಬದುಕನ್ನು ಕೆಡಿಸುತ್ತಾರೆ. ಕೆರೆಯ ಏರಿಯ ಮೇಲೆ ನಿಂತು ಕೊಕ್ಕರೆಗಳಿಗೆ ಕಲ್ಲು ಬೀರುವುದು, ಹಾರಲಿ ಎಂದು ಚಪ್ಪಾಳೆ ತಟ್ಟಿ ಮೊಬೈಲ್ ಹಿಡಿಯುವುದು ಹುಡುಗರಿಗೆ ಆಟ. ಕಾರವಾರಕ್ಕೆ ಬಂದಿದ್ದ ಹನ್ನೊಂದು ಮಕ್ಕಳು ಈಗ ಅದನ್ನು ಆಟವೆನ್ನುವುದಿಲ್ಲ. ಒಬ್ಬನು ತನ್ನ ಚಿಕ್ಕಪ್ಪನಿಗೇ ತಾಯಿ ಹಕ್ಕಿಯ ಹದೀಸ್ ಹೇಳಿ ಕಲ್ಲನ್ನು ಕೆಳಗಿಡಿಸಿದನೆಂದು ಕೇಳಿ ಅಲ್ಹಮ್ದುಲಿಲ್ಲಾಹ್ ಎಂದೆವು.

ನಮ್ಮೂರಿಗೆ ದೂರವಲ್ಲದ ಶಿವನಸಮುದ್ರದಲ್ಲಿ, ಜಲಪಾತದ ಬಳಿ, ಮರ್ದಾನೆ ಗೈಬ್ ದರ್ಗಾ ಇದೆ. ಗೈಬ್ ಎಂದರೆ ಕಣ್ಣಿಗೆ ಕಾಣದ್ದು. ಆ ಹೆಸರನ್ನು ದಿನವೂ ಹೇಳುವ ನಮಗೆ ಅದರ ಅರ್ಥದ ಕಡೆ ಗಮನ ಹೋಗುವುದು ಕಡಿಮೆ. ಗೈಬಿನಲ್ಲಿ ವಿಶ್ವಾಸವಿಡುವುದನ್ನು ಸೂರಾ ಅಲ್-ಬಕರಾದ ಆರಂಭದಲ್ಲಿಯೇ ಭಯಭಕ್ತಿಯುಳ್ಳವರ ಮೊದಲ ಗುಣವಾಗಿ ಹೇಳಲಾಗಿದೆ. ಅಲ್ಲಾಹನನ್ನು, ಮಲಕ್‌ಗಳನ್ನು, ಪರಲೋಕವನ್ನು ಕಾಣದೆ ನಂಬಿದ ಸಮುದಾಯ ನಮ್ಮದು. ಅಂತಹವರು ಒಂದು ಬೆಳಗು, ಒಂದು ಜೀವಿಯನ್ನು ಕಂಡೇ ತೀರಬೇಕೆಂಬ ಹಠವನ್ನು ಬಿಡಲಾರೆವೇ? ಅದು ನೀರಿನ ಕೆಳಗೆ ತನ್ನ ಮರಿಯೊಂದಿಗೆ ಸುಖವಾಗಿದೆ, ತನಗೆ ತಿಳಿದ ಭಾಷೆಯಲ್ಲಿ ತನ್ನ ಪಾಲಕನನ್ನು ಸ್ಮರಿಸುತ್ತಿದೆ ಎಂಬ ಅರಿವೇ ಮದರಸದ ಮಕ್ಕಳಿಗೆ ಆ ಪ್ರಯಾಣದಿಂದ ಸಿಕ್ಕ ಬುತ್ತಿ.

ಅಲ್ಲಾಹನು ತನ್ನ ದೃಷ್ಟಾಂತಗಳನ್ನು ಅದಬಿನಿಂದ ನೋಡುವ ಕಣ್ಣನ್ನು ನಮಗೆಲ್ಲರಿಗೂ ದಯಪಾಲಿಸಲಿ. ಕಡಲಿನಲ್ಲಿ ದುಡಿಯುವವರ ರಿಝ್ಕಿನಲ್ಲಿ ಬರಕತ್ ನೀಡಲಿ. ಮೂಕಜೀವಿಗಳು ಕಿಯಾಮತ್ ದಿನ ನಮ್ಮ ವಿರುದ್ಧ ದೂರು ಹೇಳದಂತೆ ಬಾಳುವ ತೌಫೀಕ್ ಕರುಣಿಸಲಿ. ನಮಗಾಗಿ ಬೇಡುವ ನೀರಿನೊಳಗಿನವರ ದುಆಗಳನ್ನು ಅವನು ಸ್ವೀಕರಿಸಲಿ. ಆಮೀನ್ ಯಾ ರಬ್ಬಲ್ ಆಲಮೀನ್.